ನೂರಡಿ ರಸ್ತೆ ಬಳುಕಿದ್ದು ಯಾಕೆ

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಹಾಲು ತರಲು ಹೋದವಳು ನೂರಡಿ ರಸ್ತೆಯ ತಿರುವಿನಲ್ಲಿ ನಿಂತುಬಿಟ್ಟೆ. ಹದಿನೈದು ಇಪ್ಪತ್ತು ಜನ ಹುಡುಗ ಹುಡುಗಿಯರು ಕ್ಯಾಮರಾ, ನೀರಿನ ಬಾಟಲಿ ಹಿಡಿದು ಗುಂಪಾಗಿ ನಿಂತಿದ್ದರು. ನಡುವೆ ಒಬ್ಬ ಗಡ್ಡದವನು ಕೈಯಾಡಿಸುತ್ತ ಹೇಳುತ್ತಿದ್ದ: "ಇಲ್ಲಿ ನೋಡಿ, ರೋಡು ಎಷ್ಟು ಸಾಫ್ಟ್ ಆಗಿ ಕರ್ವ್ ಆಗತ್ತೆ! ನೇರವಾಗಿದ್ರೆ ನೋಡೋರಿಗೆ ಬೇಜಾರಾಗತ್ತೆ ಅಂತ ಆಗಿನ ಪ್ಲಾನರ್‌ಗಳು ಬೇಕಂತಲೇ ಹೀಗೆ ಮಾಡಿದಾರೆ. ಎಂಥಾ ಟೇಸ್ಟು ಅಲ್ವಾ?" ಎಲ್ಲರೂ ಫೋಟೋ ಹೊಡೆದುಕೊಂಡರು.

ನನಗೆ ಕೋಪ ನೆತ್ತಿಗೇರಿತು. "ಯಾರಪ್ಪಾ ನಿಂಗೆ ಹೇಳಿದ್ದು?" ಅಂದೆ. "ಬುಕ್ಕಲ್ಲಿದೆ ಆಂಟಿ" ಅಂದ. ಬುಕ್ಕಲ್ಲಿದೆಯಂತೆ! ಆ ತಿರುವನ್ನು ಮೊದಲ ಸಲ ಶಾಯಿಯಲ್ಲಿ ಎಳೆದ ಕೈ ಇದು, ಇದೇ ಬಲಗೈ, ಮೊನ್ನೆ ಇದರಲ್ಲೇ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ನಿಂತಿದ್ದೆ. ಟೇಸ್ಟೂ ಇಲ್ಲ, ಮಣ್ಣೂ ಇಲ್ಲ. ಒಂದು ತಪ್ಪನ್ನು ಮುಚ್ಚಲು ಹಾಕಿದ ತೇಪೆ ಅದು. ಆ ತೇಪೆಯ ಅಡಿಯಲ್ಲಿ ಒಂದು ಜಗಲಿ ಹೋಯಿತು, ಒಬ್ಬ ಮನುಷ್ಯನ ಮಾನ ಹೋಯಿತು. ಇದನ್ನೆಲ್ಲ ಅಲ್ಲೇ ಕೂಗಿ ಹೇಳಬೇಕೆನಿಸಿತು. ಆದರೆ ಆ ಮಕ್ಕಳು ನನ್ನನ್ನೂ ಫೋಟೋ ತೆಗೆಯಲು ಶುರುಮಾಡಿದರು. ಮನೆಗೆ ಬಂದು ಬರೆಯಲು ಕೂತೆ.

ನನ್ನ ಹೆಸರು ಲಲಿತಾ. ಬಡಾವಣೆಗಳ ನಕ್ಷೆ ಮಾಡುವ ಒಂದು ಕಚೇರಿಯಲ್ಲಿ ಮೂವತ್ತಾರು ವರ್ಷ ದುಡಿದವಳು. ಯಾವಾಗ ಯಾವ ಬಡ್ತಿ ಬಂತು ಎಂಬುದೆಲ್ಲ ನನ್ನ ಸರ್ವಿಸ್ ಬುಕ್ಕಿನಲ್ಲಿದೆ, ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಈಗ ಈ ಕೆಲಸಕ್ಕೆ ಸೇರಿ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿಯರಿಗೆ ಒಂದಿಷ್ಟು ಹೇಳುವುದಿದೆ. ಸಿಹಿ ಮಾತು ನಿರೀಕ್ಷಿಸಬೇಡಿ.

ನಾನು ಸೇರಿದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಟ್ರೇಸರ್ ಆಗಿ. ಹಾಗೆಂದರೇನು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಡ್ರಾಫ್ಟ್ಸ್‌ಮನ್ ಆದವರು ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ನಕ್ಷೆ ಬರೆಯುತ್ತಿದ್ದರು. ಅದರ ಮೇಲೆ ಗಂಜಿ ಹಾಕಿ ನಯಮಾಡಿದ, ಆಚೆಗಿನದು ಕಾಣುವಂಥ ತೆಳು ಬಟ್ಟೆ ಹಾಸಿ, ಕೆಳಗೆ ಕಾಣುವ ಪ್ರತಿ ಗೆರೆಯನ್ನೂ ಶಾಯಿಯಲ್ಲಿ ಎಳೆಯುವುದು ಟ್ರೇಸರ್ ಕೆಲಸ. ಆ ಬಟ್ಟೆಯಿಂದ ಪ್ರಿಂಟು ತೆಗೆದು ಸೈಟಿಗೆ ಕಳಿಸುತ್ತಿದ್ದರು. ನೆಲದ ಮೇಲೆ ಗೂಟ ಹೊಡೆಯುವವನು ನಂಬುವುದು ಅದನ್ನೇ. ತಪ್ಪು ಗೆರೆ ಬಿದ್ದರೆ ಅರ್ಧ ಬ್ಲೇಡಿನಿಂದ ಮೆಲ್ಲಗೆ ಹೆರೆದು, ಸೀಮೆಸುಣ್ಣದ ಪುಡಿ ಉಜ್ಜಿ, ಮತ್ತೆ ಎಳೆಯಬೇಕು. ಬೆವರಿನ ಒಂದು ಹನಿ ಬಿದ್ದರೂ ಬಟ್ಟೆಯ ಮೇಲೆ ಬಿಳಿ ಕಲೆ. ಏಪ್ರಿಲ್ ತಿಂಗಳಲ್ಲೂ ಫ್ಯಾನ್ ಹಾಕುವಂತಿಲ್ಲ, ಬಟ್ಟೆ ಹಾರುತ್ತದೆ.

ಹನ್ನೊಂದು ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಮೊದಲ ದಿನವೇ ಬಳೆ ತೆಗೆ ಎಂದರು. ಗಾಜಿನ ಬಳೆ ಬಟ್ಟೆಗೆ ಗೀರು ಹಾಕುತ್ತದಂತೆ. ಮನೆಯಲ್ಲಿ ನಮ್ಮತ್ತೆ, "ಬರಿಗೈಲಿ ಹೋಗೋದಾದ್ರೆ ಆ ಕೆಲಸವೇ ಬೇಡ" ಎಂದು ರಂಪ ಮಾಡಿದರು. ನಾನು ದಿನಾ ಮೆಜೆಸ್ಟಿಕ್ ಬಸ್ಸಿನಲ್ಲಿ ಬಳೆ ಹಾಕಿಕೊಂಡೇ ಬಂದು, ಕಚೇರಿಯಲ್ಲಿ ತೆಗೆದು ಟಿಫನ್ ಡಬ್ಬಿಯಲ್ಲಿಟ್ಟು, ಸಂಜೆ ಮತ್ತೆ ಹಾಕಿಕೊಂಡು ಹೋಗುತ್ತಿದ್ದೆ. ಗಂಡಸರ ಕೈಗಡಿಯಾರದ ಸ್ಟೀಲ್ ಪಟ್ಟಿ ಬಟ್ಟೆಗೆ ಗೀರುತ್ತಿರಲಿಲ್ಲವೇ? ಅದನ್ನು ತೆಗೆಸುವ ಗಂಡೆದೆ ಅಲ್ಲಿ ಯಾರಿಗೂ ಇರಲಿಲ್ಲ.

ತಪ್ಪು ಮಾಡಿದ್ದೇನೆ, ಧಾರಾಳವಾಗಿ ಮಾಡಿದ್ದೇನೆ. ಒಮ್ಮೆ ಒಬ್ಬರ ಮನೆ ನಕ್ಷೆಯನ್ನು ಬಟ್ಟೆ ಮಗುಚಿ ಹಾಕಿ ಎಳೆದುಬಿಟ್ಟೆ. ಎಡಗಡೆ ಇದ್ದದ್ದೆಲ್ಲ ಬಲಕ್ಕೆ. ಆಗ್ನೇಯದ ಅಡಿಗೆಮನೆ ನೈಋತ್ಯಕ್ಕೆ ಹೋಗಿ ಕೂತಿತ್ತು. ಆ ಮನೆಯ ಯಜಮಾನರು ಪಂಚಾಂಗದ ಸಮೇತ ಕಚೇರಿಗೆ ಬಂದು, "ನನ್ನ ವಂಶ ನಿರ್ವಂಶ ಮಾಡೋಕೆ ಎಷ್ಟು ತಗೊಂಡಿದೀಯಮ್ಮ?" ಎಂದು ಕೂಗಾಡಿದರು. ಆಗ ಅತ್ತುಬಿಟ್ಟೆ, ಈಗ ನೆನೆದರೆ ನಗು ಬರುತ್ತದೆ. ಕಾಗದದ ಮೇಲಿನ ತಪ್ಪು ಕಾಗದದಲ್ಲೇ ಸಿಕ್ಕಿಬಿದ್ದರೆ ನಗಬಹುದು.

ನೂರಡಿ ರಸ್ತೆಯ ಕಲ್ಪನೆ ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಸುಬ್ಬಣ್ಣನವರದು. ಸಹಿ ಇಂಜಿನಿಯರ್ ಸಾಹೇಬರದು, ಅದು ಬೇರೆ ಮಾತು. ಆಗ ವಿಜಯನಗರದ ಕಡೆಯಿಂದ ಅತ್ತಿಗುಪ್ಪೆಯ ಆಚೆಗೆ ರಾಗಿ ಹೊಲ, ಹುರುಳಿ ಹೊಲ, ಒಂದೆರಡು ನೀರಿನ ಕುಂಟೆ. ಹೊಲಗಳ ಮೇಲೆ ಬಡಾವಣೆ ಬರುವುದೆಂದಾಗ ಸುಬ್ಬಣ್ಣನವರು ಸಾಹೇಬರ ಮುಂದೆ ಹಟ ಹಿಡಿದರು. ಒಂದಾದರೂ ರಸ್ತೆ ಊರಿಗೆ ಮುಖವಾಗುವಂತಿರಬೇಕು ಎಂದರು. ನೇರ ರಸ್ತೆ, ನಡುವೆ ಹುಲ್ಲಿನ ಪಟ್ಟಿ, ಎರಡೂ ಕಡೆ ಆಕಾಶಮಲ್ಲಿಗೆ ಸಾಲು, ಚಪ್ಪಡಿ ಹಾಸಿದ ಕಾಲುದಾರಿ. ಪ್ರತಿ ಮನೆಯೂ ರಸ್ತೆಯಿಂದ ಇಪ್ಪತ್ತಡಿ ಒಳಗೆ ನಿಲ್ಲಬೇಕು, ಮುಂದೆ ತೋಟ. ಕಾಂಪೌಂಡ್ ಗೋಡೆ ಎದೆಮಟ್ಟ ಮೀರಬಾರದು, ಹೋಗುವವರಿಗೆ ಹೂವು ಕಾಣಬೇಕು. ಮೂಲೆ ಸೈಟಿನ ಗೋಡೆಯನ್ನು ಓರೆಯಾಗಿ ಕತ್ತರಿಸಬೇಕು, ತಿರುಗುವ ಬಸ್ಸಿಗೆ ಎದುರಿನ ಸೈಕಲ್ಲು ಕಾಣಲಿ ಎಂದು. ಇದನ್ನೆಲ್ಲ ಅವರು ನಕ್ಷೆಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಆಮೇಲೆ ಆ ರಸ್ತೆಯಲ್ಲಿ ಎದ್ದ ಮನೆಗಳನ್ನು ನೀವು ನೋಡಿರಬಹುದು. ಅರ್ಧಚಂದ್ರದ ಬಾಲ್ಕನಿ, ಹುಟ್ಟುವ ಸೂರ್ಯನ ಗ್ರಿಲ್ಲು, ಸೈಜುಗಲ್ಲಿನ ಪಾಯ, ಮೊಸಾಯಿಕ್ ನೆಲ. ಚಂದವೇ, ಇಲ್ಲ ಅನ್ನುವುದಿಲ್ಲ. ಒಂದೆರಡು ಇನ್ನೂ ಉಳಿದಿವೆ. ಮಿಕ್ಕವನ್ನು ಕೆಡವಿ, ತೋಟವನ್ನೂ ನುಂಗಿ, ಕಾಲುದಾರಿಯವರೆಗೂ ಅಂಗಡಿ ಕಟ್ಟಿದ್ದಾರೆ.

ರಸ್ತೆಯ ಮಧ್ಯಭಾಗದಲ್ಲಿ ಒಂದು ಸಣ್ಣ ಹಳ್ಳಿ ಇತ್ತು. ಹೊಲ ತೆಗೆದುಕೊಂಡರೂ ಮನೆಗಳಿರುವ ಊರಜಾಗವನ್ನು ಮುಟ್ಟಬಾರದೆಂಬುದು ನಿಯಮ. ಊರಜಾಗದ ಕೊನೆಯ ಮನೆ ಹನುಮಕ್ಕನದು. ಕಲ್ಲುಕಂಬದ ಉದ್ದನೆಯ ಜಗಲಿ, ನಾಡಹೆಂಚು, ತಲೆಬಗ್ಗಿಸಿ ಒಳಗೆ ಹೋಗುವ ಬಾಗಿಲು. ಸುಬ್ಬಣ್ಣನವರು ಆ ಮನೆಯನ್ನು ಬೇಕೆಂದೇ ಉಳಿಸಿದ್ದರು. ರಸ್ತೆಯ ಅಂಚಿಗೂ ಜಗಲಿಗೂ ನಡುವೆ ಎಂಟಡಿ ಬಿಟ್ಟಿದ್ದರು. "ಹೊಸ ಬಂಗಲೆಗಳ ನಡುವೆ ಅದೊಂದು ಇರ್ಲಮ್ಮ. ಊರಿಗೊಬ್ಬರು ಹಿರೀಕರು ಬೇಡವಾ?" ಎಂದಿದ್ದರು.

ಆ ಮನೆಯನ್ನು ಅಳೆಯಲು ನಾನೇ ಹೋಗಬೇಕಾಯಿತು. ಸರ್ವೇಯವರು ಹೋದಾಗ ಹನುಮಕ್ಕ, "ಗಂಡಸ್ರು ನಮ್ಮ ಒಲೆಮನೆ, ಬಚ್ಚಲುಮನೆಗೆಲ್ಲ ಟೇಪ್ ಹಿಡ್ಕೊಂಡು ನುಗ್ಗೋದು ಬ್ಯಾಡ. ಹೆಣ್ಣೆಂಗ್ಸು ಇದ್ರೆ ಕಳ್ಸಿ" ಎಂದು ಬಾಗಿಲಿಗೆ ಅಡ್ಡ ನಿಂತಿದ್ದಳಂತೆ. ಗಂಡ ತೀರಿಕೊಂಡಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನನ್ನ ಜೊತೆ ಟೇಪಿನ ಇನ್ನೊಂದು ತುದಿ ಹಿಡಿದವನು ಅವಳ ಮೈದುನ ತಿಮ್ಮಯ್ಯ. ಊರಿನ ಎಲ್ಲೆಕಲ್ಲುಗಳು ಎಲ್ಲೆಲ್ಲಿ ಹೂತಿವೆಯೆಂದು ಬಲ್ಲವನು ಅವನೊಬ್ಬನೇ, ಅದಕ್ಕೇ ನಮ್ಮವರು ಅವನನ್ನು ದಿನಗೂಲಿಗೆ ಇಟ್ಟುಕೊಂಡಿದ್ದರು. ಹನುಮಕ್ಕ ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ನಾಲ್ಕು ವರ್ಷ. ತಾಯಿಯಿಲ್ಲದ ಮಗು. ಆಮೇಲೆ ಪಾಲಾದಾಗ ಮನೆ ಹನುಮಕ್ಕನಿಗೆ ಬಂತು, ಹಿಂದಿನ ಹಿತ್ತಲು ಅವನಿಗೆ. ಆದರೂ ಅವನ ಊಟ ಅತ್ತಿಗೆಯ ಒಲೆಯಲ್ಲೇ. ಅವತ್ತು ನನಗೂ ಮುದ್ದೆ, ಬಸ್ಸಾರು ಬಡಿಸಿದಳು.

ಹೊರಡುವಾಗ ಹನುಮಕ್ಕ, "ರೋಡು ಎಲ್ಲೀಗಂಟ ಬತ್ತದೆ, ಒಸಿ ಬರ್ದು ತೋರ್ಸವ್ವ" ಅಂದಳು. ತಿಮ್ಮಯ್ಯ ತನ್ನ ಎಲ್ಲೆಕಲ್ಲು ತೋರಿಸಿದ. ನಾನು ಅಲ್ಲಿಂದ ಅಳೆದು, ಸುಣ್ಣದ ಪುಡಿ ಹಿಡಿದು, ಜಗಲಿಯಿಂದ ಎಂಟಡಿ ದೂರಕ್ಕೆ ಗೆರೆ ಎಳೆದೆ.

"ಇದ್ರಿಂದ ಈಚೆ ಬರಲ್ಲ ತಾನೇ?"

"ಬರಲ್ಲ ಹನುಮಕ್ಕ. ನಾನು ಹೇಳ್ತಾ ಇದೀನಲ್ಲ."

ಇಪ್ಪತ್ತೆರಡು ವರ್ಷದ ಟ್ರೇಸರ್, ಕೆಲಸ ಇನ್ನೂ ಟೆಂಪೊರರಿ, ಮಾತು ಕೊಟ್ಟು ಬಂದಳು! ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಇನ್ನು ತಪ್ಪಿನ ವಿಷಯ. ಟ್ರೇಸಿಂಗ್ ಬಟ್ಟೆ ಹಸಿಗೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಸುರುಳಿಯಿಂದ ಕತ್ತರಿಸಿದ ಬಟ್ಟೆಯನ್ನು ಒಂದು ದಿನ ಬೋರ್ಡಿನ ಮೇಲೆ ಪಿನ್ ಹಾಕಿ ಬಿಡಬೇಕು, ಶುರುಮಾಡಿದ ಹಾಳೆಯನ್ನು ಅವತ್ತೇ ಮುಗಿಸಬೇಕು, ಆಗದಿದ್ದರೆ ಮಾರನೆ ದಿನ ನಾಲ್ಕು ಮೂಲೆಯ ಗುರುತುಗಳು ಕೆಳಗಿನ ಪೆನ್ಸಿಲ್ ಗುರುತಿಗೆ ಕೂಡುತ್ತವೋ ನೋಡದೆ ಪೆನ್ನು ಮುಟ್ಟಬಾರದು. ಇದು ಸುಬ್ಬಣ್ಣನವರು ಕಲಿಸಿದ ಮೊದಲ ಪಾಠ. ರಸ್ತೆಯ ನಕ್ಷೆ ಎರಡು ಹಾಳೆಯಲ್ಲಿತ್ತು. ಪೂರ್ವದ ಅರ್ಧ ಒಂದರಲ್ಲಿ, ಪಶ್ಚಿಮದ ಅರ್ಧ ಮತ್ತು ಹಳ್ಳಿ ಇನ್ನೊಂದರಲ್ಲಿ. ಎರಡನೆಯ ಹಾಳೆಗೆ ಕೈಹಾಕಿದಾಗ ಜಡಿಮಳೆ. ಗೋಡೆಯೆಲ್ಲ ಬೆವರುತ್ತಿತ್ತು. ಹಾಳೆಯ ಮೇಲ್ತುದಿಯಲ್ಲಿದ್ದ ಹಳ್ಳಿ, ಎಲ್ಲೆಕಲ್ಲು, ಹನುಮಕ್ಕನ ಮನೆ ಇಷ್ಟನ್ನು ಎಳೆದೆ. ಅಷ್ಟರಲ್ಲಿ ಗೌರಿ ಹಬ್ಬದ ರಜೆ ಬಂತು. ರಜೆ ಮುಗಿಸಿ ಬರುವ ಹೊತ್ತಿಗೆ ಚುರುಚುರು ಬಿಸಿಲು. ಕೂತ ಕೂಡಲೇ ಇಂಜಿನಿಯರ್ ಸಾಹೇಬರ ಬುಲಾವು: "ಸಾಯಂಕಾಲದೊಳಗೆ ಪ್ರಿಂಟ್ ಬೇಕು, ಮೀಟಿಂಗಿದೆ."

ಮೂಲೆಯ ಗುರುತು ನೋಡಲಿಲ್ಲ. ಕೆಳಗಿನ ಅಂಚನ್ನು ಸರಿಯಾಗಿ ಕೂಡಿಸಿ ರಸ್ತೆಯ ಗೆರೆಗಳನ್ನು ಸರಸರ ಎಳೆದುಬಿಟ್ಟೆ. ಬಟ್ಟೆ ಕುಗ್ಗಿತ್ತು. ಮೇಲೆ ಮೊದಲೇ ಎಳೆದಿದ್ದ ಹಳ್ಳಿ ಅಷ್ಟೂ ಕೆಳಗೆ, ರಸ್ತೆಯ ಕಡೆಗೆ ಜರುಗಿತ್ತು. ಎಷ್ಟು? ಇಂಚಿನ ಎಂಟನೆಯ ಒಂದು ಭಾಗ. ಕಾಗದದ ಮೇಲಿನ ಒಂದಿಂಚು ನೆಲದ ಮೇಲೆ ನೂರಡಿ. ಲೆಕ್ಕ ಹಾಕಿಕೊಳ್ಳಿ, ಹನ್ನೆರಡಡಿ ಚಿಲ್ಲರೆ.

ನನಗೆ ಗೊತ್ತೇ ಆಗಲಿಲ್ಲ ಎಂದರೆ ಅದು ಸುಳ್ಳು. ರಸ್ತೆಯ ಅಂಚಿನ ಗೆರೆ ಎಳೆಯುವಾಗ ಅದು ಹನುಮಕ್ಕನ ಜಗಲಿಗೆ ತಾಗಿತು. ಶಾಯಿ ದಪ್ಪವಾಯಿತೇನೋ ಎಂದುಕೊಂಡೆ. ಎರಡು ಗೆರೆ ಒಂದರ ಮೇಲೊಂದು ಬಿದ್ದರೆ ಕೆಟ್ಟದಾಗಿ ಕಾಣುತ್ತದೆಂದು, ಬ್ಲೇಡ್ ತೆಗೆದುಕೊಂಡು ಜಗಲಿಯನ್ನು ಒಂದು ಕೂದಲೆಳೆಯಷ್ಟು ಹೆರೆದೆ. ಕೆಲಸ ಚೊಕ್ಕವಾಗಿದೆ ಎಂದು ಸಾಹೇಬರು ಹೊಗಳಿದರು. ಗುದ್ದಲಿಯವರು ಬರುವುದಕ್ಕೆ ಮುಂಚೆಯೇ ಆ ಜಗಲಿಯನ್ನು ಕಡಿದವಳು ನಾನು.

ತಪ್ಪು ಅಲ್ಲಿಗೇ ನಿಲ್ಲಬಹುದಿತ್ತು. ನಕ್ಷೆಯಲ್ಲಿ ಅಂಕಿಯಲ್ಲಿ ಬರೆದ ಅಳತೆಯನ್ನೇ ನೆಲಕ್ಕೆ ಹಾಕಬೇಕು, ಪ್ರಿಂಟಿನ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು. ಇದನ್ನು ನೀವು ಹಣೆಯಲ್ಲಿ ಬರೆದುಕೊಳ್ಳಿ. ಸುಬ್ಬಣ್ಣನವರು ಎಲ್ಲೆಕಲ್ಲಿನಿಂದ ರಸ್ತೆಗೆ ಎಷ್ಟು ಅಡಿ ಎಂದು ಬರೆದೂ ಇದ್ದರು. ಅಷ್ಟೆಲ್ಲ ಕಣ್ಣಿಟ್ಟು ಓದುವ ಪುರುಸೊತ್ತು ಯಾರಿಗಿತ್ತು? ಗೂಟ ಹೊಡೆಯುವ ಎರಡು ತಂಡಗಳಲ್ಲಿ ಪಶ್ಚಿಮದ ತಂಡ ತಿಮ್ಮಯ್ಯ ತೋರಿಸಿದ ಕಲ್ಲಿನ ಹತ್ತಿರ ನಿಂತು, ಪ್ರಿಂಟಿನ ಮೇಲೆ ಸ್ಕೇಲ್ ಇಟ್ಟು, ರಸ್ತೆಯ ಸಾಲು ಗೊತ್ತುಮಾಡಿಕೊಂಡಿತು. ಗೂಟ ಹೊಡೆಯುವುದು ಆಚೆ ತುದಿಯಿಂದ ಶುರುವಾಗಿ ಹಳ್ಳಿಯ ಕಡೆ ಬರುತ್ತಿತ್ತು. ಚರಂಡಿ ಅಗೆದರು. ಸೈಟು ಪಡೆದ ದೊಡ್ಡ ಮನುಷ್ಯರು ಆ ಗೂಟ ನೋಡಿಕೊಂಡು ಪಾಯವನ್ನೂ ಎಬ್ಬಿಸಿದರು. ಪೂರ್ವದ ತಂಡ ಬೇರೆ ಕಲ್ಲಿನಿಂದ ಅಳೆದು ಸರಿಯಾಗಿ ಬಂತು. ಎರಡೂ ತಂಡ ಹಳ್ಳಿಯ ಮುಂದೆ ಕೂಡಬೇಕಿತ್ತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಹನ್ನೆರಡಡಿ. ಪಶ್ಚಿಮದ ಗೂಟದ ಸಾಲು ಹನುಮಕ್ಕನ ಜಗಲಿಯ ಒಳಗೆ ನಾಲ್ಕಡಿ ನುಗ್ಗುತ್ತಿತ್ತು.

ಸುದ್ದಿ ಬಂದಾಗ ಸುಬ್ಬಣ್ಣನವರು ನೇರ ಹೋಗಿ ನಕ್ಷೆಯ ಬೀರು ತೆಗೆದರು. ಪೆನ್ಸಿಲ್ ಹಾಳೆ ಹರಡಿ ಅದರ ಮೇಲೆ ನನ್ನ ಬಟ್ಟೆ ಹಾಸಿದರು. ಕೆಳಗಿನ ಮೂಲೆಗಳು ಕೂಡಿದವು. ಮೇಲಿನವು ಕೂಡಲಿಲ್ಲ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಹೆರೆದಿದ್ದ ಜಾಗ ತೆಳ್ಳಗೆ ಹೊಳೆಯುತ್ತಿತ್ತು.

"ಹಬ್ಬದ ರಜೆ ಆದ್ಮೇಲೆ ಮೂಲೆ ನೋಡಿದ್ಯೇನಮ್ಮ?"

"ಇಲ್ಲ ಸಾರ್."

ಅವರು ಬಟ್ಟೆ ಸುತ್ತಿಕೊಂಡು ಸಾಹೇಬರ ಕೋಣೆಗೆ ಹೋದರು. ನನ್ನನ್ನೂ ಕರೆದರು. ಸಾಹೇಬರು ಕೂಗಾಡುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡು ಹೋದೆ. ತೆಗೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ತಣ್ಣಗೆ, "ಈ ವಿಷಯ ನಮ್ಮ ಮೂರು ಜನಕ್ಕೆ ಬಿಟ್ಟು ಯಾರಿಗೂ ಗೊತ್ತಾಗಬಾರದು" ಅಂದರು. ಪಶ್ಚಿಮದ ಗೂಟ ಕಿತ್ತು ಸರಿಯಾಗಿ ಹೊಡೆಯಬಹುದಲ್ಲ ಎಂದು ಸುಬ್ಬಣ್ಣನವರು ಕೇಳಿದರು. "ಹೊಡೀಬಹುದು. ಯಾಕೆ ಕಿತ್ತಿರಿ ಅಂತ ಮೇಲಿನವರು ಕೇಳಿದ್ರೆ? ಪಾಯ ಹಾಕಿರೋರು ಯಾರ್ಯಾರು ಅಂತ ಗೊತ್ತೇನ್ರಿ? ಸೀಲ್ ಬಿದ್ದ ನಕ್ಷೆ ತಪ್ಪು ಅಂತ ನಾನು ಬರ್ಕೊಡ್ಲಾ?" ಎಂದರು. ಎರಡು ಸಾಲುಗಳನ್ನೂ ಒಂದು ಸಣ್ಣ ತಿರುವಿನಿಂದ ಕೂಡಿಸಿಬಿಡಿ, ಜಗಲಿ ಹೋದರೆ ಹೋಗಲಿ ಎಂದು ತೀರ್ಮಾನವಾಯಿತು.

ಕಾರಣ ಬೇಕಿತ್ತಲ್ಲ, ಅದನ್ನೂ ಸಾಹೇಬರೇ ಹುಡುಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಶ್ಚಿಮದ ಅಳತೆ ಶುರುವಾದದ್ದು ತಿಮ್ಮಯ್ಯ ತೋರಿಸಿದ ಕಲ್ಲಿನಿಂದ ತಾನೇ? ಹಾಗಾದರೆ ಕಲ್ಲೇ ತಪ್ಪು! "ಸ್ಥಳೀಯ ವ್ಯಕ್ತಿ ಎಲ್ಲೆಕಲ್ಲನ್ನು ತಪ್ಪಾಗಿ ತೋರಿಸಿದ ಕಾರಣ ರಸ್ತೆಯನ್ನು ತಿದ್ದಲಾಗಿದೆ" ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟರು, ನಕ್ಷೆಯ ಬದಿಗೆ ಹಾಕಲು.

ಹೊರಗೆ ಬಂದ ಮೇಲೆ ನಾನು ಸುಬ್ಬಣ್ಣನವರಿಗೆ, "ಸಾರ್, ಅವನು ಸರಿಯಾಗೇ ತೋರಿಸಿದ್ದ. ನಾನೇ ಅಲ್ಲಿಂದ ಅಳೆದಿದ್ದೆ" ಅಂದೆ. ಅವರು ನನ್ನ ಮುಖ ನೋಡದೆ ಹೇಳಿದರು: "ನೋಡಮ್ಮ, ನಿನ್ನ ಕೆಲಸ ಟೆಂಪೊರರಿ. ನನ್ನ ಪೆನ್ಷನ್‌ಗೆ ಇನ್ನೆರಡು ವರ್ಷ. ಅವನಿಗೇನು, ಕೂಲಿಯೋನು, ನಾಳೆ ಮರ್ತುಹೋಗತ್ತೆ."

ಆ ಮನುಷ್ಯನಿಂದ ನಾನು ಕೆಲಸ ಕಲಿತೆ. ಅವರ ಕೈಯ ಗೆರೆಯಂಥ ಗೆರೆಯನ್ನು ಮತ್ತೆಲ್ಲೂ ನೋಡಲಿಲ್ಲ. ಆ ಮಾತನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.

ಹೊಸ ಬಟ್ಟೆ ಕತ್ತರಿಸಿದೆ. ಒಂದು ದಿನ ಪಿನ್ ಹಾಕಿ ಬಿಟ್ಟೆ. ಮೂಲೆ ನೋಡಿದೆ. ಎಲ್ಲ ನಿಯಮವನ್ನೂ ಪಾಲಿಸಿ, ಅಚ್ಚುಕಟ್ಟಾಗಿ, ಆ ತಿರುವನ್ನು ಎಳೆದೆ. ಬದಿಯಲ್ಲಿ ಆ ಸುಳ್ಳನ್ನು ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದೆ. ಒಂದು ಗೆರೆಯನ್ನೂ ಹೆರೆಯಬೇಕಾಗಲಿಲ್ಲ. ಕೈಗೆ ಅಷ್ಟು ಚೆನ್ನಾಗಿ ತರಬೇತಿ ಕೊಟ್ಟಿದ್ದರು.

ಜಗಲಿ ಕೆಡವುವ ದಿನ ಸಾಹೇಬರು, "ಹೆಂಗಸರು ಅಳ್ತಾರೆ, ನೀನೂ ಬಾ, ಸಮಾಧಾನ ಮಾಡೋಕೆ" ಎಂದು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಹನುಮಕ್ಕ ಅಳಲಿಲ್ಲ. ನನ್ನನ್ನು ನೋಡಿ ನೇರವಾಗಿ ಬಂದಳು.

"ಗೆರೆ ಹಾಕ್ಕೊಟ್ಟು ಹೋದ್ಯಲ್ಲವ್ವ, ಇದೇನಿದು?"

ಸಾಹೇಬರು ಸರ್ವೇಯವನಿಗೆ ಸನ್ನೆ ಮಾಡಿದರು. ಅವನು ಪ್ರಿಂಟು ಬಿಡಿಸಿ, ನಾನು ಬರೆದದ್ದನ್ನು ಕನ್ನಡದಲ್ಲಿ ಊರವರಿಗೆಲ್ಲ ಕೇಳುವಂತೆ ಹೇಳಿದ: "ನಿಮ್ಮೋನೇ ಕಲ್ಲು ತಪ್ಪು ತೋರ್ಸಿರೋದು. ಸರ್ಕಾರ ಏನ್ಮಾಡತ್ತೆ?"

ಜನ ತಿಮ್ಮಯ್ಯನ ಕಡೆ ತಿರುಗಿದರು. ಅವನು ಅಲ್ಲೇ ಗೂಟದ ಕಟ್ಟು ಹಿಡಿದು ನಿಂತಿದ್ದ. ಪಾಲಿನಲ್ಲಿ ಮನೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚಿಗೆ ಮಾಡಿದಾನೆ ಎಂದು ಯಾರೋ ಅಂದರು. ಇನ್ಯಾರೋ, ಹಿಂದಿನ ಹಿತ್ತಲು ಅವನದಲ್ಲವಾ, ಜಗಲಿ ಹೋದರೆ ಅವನ ಜಾಗಕ್ಕೆ ರೋಡು ಹತ್ತಿರ ಎಂದರು. ಅರ್ಧ ಗಳಿಗೆಯಲ್ಲಿ ಊರು ಒಂದು ಕತೆ ಕಟ್ಟಿ ಮುಗಿಸಿತ್ತು.

"ಕಲ್ಲು ಸರ್ಸಿದ್ಯೇನೋ ತಿಮ್ಮ?" ಎಂದಳು ಹನುಮಕ್ಕ.

"ದೇವ್ರಾಣೆ ಇಲ್ಲ ಅತ್ತಿಗೆಮ್ಮ. ಕಲ್ಲು ಅಲ್ಲೇ ಐತೆ, ಬಂದು ನೋಡು." ಆಮೇಲೆ ಅವನು ನನ್ನ ಕಡೆ ತಿರುಗಿದ. "ಅಮ್ಮಾವ್ರೇ, ನೀವೇ ಅಳ್ದಿದ್ರಲ್ಲ. ಹೇಳಿ. ನೀವು ಹೇಳಿ ಅಮ್ಮಾವ್ರೇ."

ಸಾಹೇಬರು ನನ್ನ ಪಕ್ಕದಲ್ಲೇ ಇದ್ದರು. ನಾನು ನೆಲ ನೋಡಿದೆ. ಹೇಳಬೇಕಾಗಿದ್ದದ್ದು ಒಂದೇ ಮಾತು. ಹೇಳಲಿಲ್ಲ.

ಹಾರೆ ಬಿತ್ತು. ನಾಲ್ಕಡಿ ಎಂದಿದ್ದರು, ಆದರೆ ಕಂಬ ತೆಗೆದರೆ ತೊಲೆ ನಿಲ್ಲುತ್ತದೆಯೇ? ಮುಂದಿನ ಗೋಡೆ, ಹೆಂಚು ಎಲ್ಲ ಜೊತೆಗೇ ಬಂತು. ಮನೆಯ ಮುಂಭಾಗವೇ ಹೋಯಿತು. ಅವತ್ತಿನಿಂದ ಹನುಮಕ್ಕ ಮೈದುನನ ಜೊತೆ ಮಾತು ಬಿಟ್ಟಳು. ಅವಳ ಒಲೆಯ ಊಟವೂ ನಿಂತಿತು. ಊರಿನಲ್ಲಿ ಅವನಿಗೆ ಕಲ್ಲು ತಿಮ್ಮ ಎಂದು ಹೆಸರಿಟ್ಟರು. ಯಾರೂ ಅವನನ್ನು ಎಲ್ಲೆ ತೋರಿಸಲು ಕರೆಯಲಿಲ್ಲ. ಒಂದೆರಡು ವರ್ಷದಲ್ಲಿ ಹಿತ್ತಲು ಮಾರಿ ಕೆಂಗೇರಿಯ ಕಡೆ ಹೋದನೆಂದು ಕೇಳಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಇಲ್ಲಿ ಆನೆ ಕೊಡುವವರಿರಲಿ, ಹೋದದ್ದು ಯಾರಿಂದ ಎಂದು ಹೇಳುವವರೂ ಇರಲಿಲ್ಲ.

ಕಚೇರಿಯಲ್ಲಿ ಮಾತ್ರ ಎಲ್ಲ ಚೆನ್ನಾಗಿ ನಡೆಯಿತು. ಎರಡೂ ಕಡೆ ಆಕಾಶಮಲ್ಲಿಗೆ ಸಸಿಗಳು ಸಾಲಾಗಿ ಎದ್ದಾಗ ಆ ತಿರುವು ನಿಜಕ್ಕೂ ಚೆಂದ ಕಾಣತೊಡಗಿತು, ಹಾಳಾದದ್ದು. ಸುಬ್ಬಣ್ಣನವರ ಬೀಳ್ಕೊಡುಗೆಯಲ್ಲಿ ಸಾಹೇಬರು, "ನೇರ ರಸ್ತೆ ಯಾರು ಬೇಕಾದರೂ ಮಾಡಿಯಾರು, ಹಾಗೆ ಬಳುಕಿಸೋದಕ್ಕೆ ಸುಬ್ಬಣ್ಣನೇ ಬೇಕು" ಎಂದು ಭಾಷಣ ಮಾಡಿದರು. ಸುಬ್ಬಣ್ಣನವರು ಹಾರ ಹಾಕಿಸಿಕೊಂಡು ತಲೆತಗ್ಗಿಸಿ ಕೂತಿದ್ದರು. ಅದನ್ನೇ ಯಾವುದೋ ಸ್ಮರಣ ಸಂಚಿಕೆಯಲ್ಲಿ ಹಾಕಿದರು. ಸಂಚಿಕೆಯಿಂದ ಬುಕ್ಕಿಗೆ ಹೋಯಿತು. ನೀವು ಓದುವ ವಾಸ್ತುಶಿಲ್ಪದ ಇತಿಹಾಸ ಹೀಗೂ ಹುಟ್ಟುತ್ತದೆ, ತಿಳಿದಿರಲಿ.

ಆಮೇಲೆ ಬಟ್ಟೆ ಹೋಗಿ ಪ್ಲಾಸ್ಟಿಕ್ಕಿನ ಫಿಲ್ಮ್ ಬಂತು. ಅದು ಮಳೆಗೂ ಹಿಗ್ಗುವುದಿಲ್ಲ, ಬಿಸಿಲಿಗೂ ಕುಗ್ಗುವುದಿಲ್ಲ. ಆಮೇಲೆ ಕಂಪ್ಯೂಟರ್ ಬಂತು. ಬ್ಲೇಡ್ ಬೇಡ, ಅಳಿಸಿದ ಗುರುತೂ ಉಳಿಯುವುದಿಲ್ಲ. ನಿಮ್ಮ ಕೆಲಸ ಸುಲಭವಾಗಿದೆ, ಸಂತೋಷ. ಆದರೆ ಸಾಹೇಬರು ಇನ್ನೂ ಇದ್ದಾರೆ. ಸಂಜೆಯೊಳಗೆ ಬೇಕು ಎನ್ನುವವರು, ಸೀಲ್ ಬಿದ್ದದ್ದು ತಪ್ಪಾಗುವುದಿಲ್ಲ ಎನ್ನುವವರು, ಅವನಿಗೇನು ಕೂಲಿಯವನು ಎನ್ನುವವರು. ಅವರ ಪಕ್ಕದಲ್ಲಿ ನೆಲ ನೋಡುತ್ತ ನಿಂತ ಲಲಿತಾ ಕೂಡ ಎಲ್ಲ ಕಚೇರಿಯಲ್ಲೂ ಇದ್ದಾಳೆ.

ಕೆಲಸ ಕಾಯಂ ಆದ ಮೇಲೆ ಹೇಳೋಣ ಎಂದುಕೊಂಡೆ. ಕಾಯಂ ಆಯಿತು. ಮಕ್ಕಳ ಓದು ಮುಗಿಯಲಿ ಎಂದುಕೊಂಡೆ. ಪೆನ್ಷನ್ ಬರಲಿ ಎಂದುಕೊಂಡೆ. ಬೈದುಕೊಂಡಿದ್ದೆನಲ್ಲ ಸುಬ್ಬಣ್ಣನವರನ್ನು, ಅವರು ಎರಡು ವರ್ಷ ಸುಮ್ಮನಿದ್ದರು, ನಾನು ಮೂವತ್ತು ವರ್ಷದ ಮೇಲೆ ಸುಮ್ಮನಿದ್ದೆ. ನಿವೃತ್ತಿಯಾದ ಎರಡನೆಯ ತಿಂಗಳು, ಒಂದು ಮಧ್ಯಾಹ್ನ, ಹನುಮಕ್ಕನ ಮನೆಗೆ ಹೋದೆ.

ಮುಂದೆ ಮೊಬೈಲ್ ಅಂಗಡಿ. ಅದರ ಹಿಂದೆ ಉಳಿದ ಅರ್ಧ ಮನೆ. ಹನುಮಕ್ಕ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿತ್ತು, ಬೆನ್ನು ಬಾಗಿತ್ತು. ಯಾರೆಂದು ಹೇಳಿದೆ. "ಗೆರೆ ಹಾಕಿದ ಹುಡ್ಗಿ" ಎಂದಳು, ಅಷ್ಟೇ. ಕೂರು ಅನ್ನಲಿಲ್ಲ. ನಾನೇ ಕೂತೆ, ಮೊರವನ್ನು ಮಡಿಲಿಗೆ ಎಳೆದುಕೊಂಡು ನಾನೂ ಸುಲಿಯತೊಡಗಿದೆ. ಕೈಗೆ ಕೆಲಸವಿಲ್ಲದೆ ಆ ಮಾತು ಆಡಲು ನನ್ನಿಂದ ಆಗುತ್ತಿರಲಿಲ್ಲ. ಎಲ್ಲ ಹೇಳಿದೆ. ಮಳೆ, ಹಬ್ಬ, ಬಟ್ಟೆ, ಬ್ಲೇಡ್, ಸಾಹೇಬರು ಬರೆದದ್ದು, ನಾನು ಬರೆದದ್ದು.

"ಬಟ್ಟೆ ಕುಗ್ಗಿದ್ದಕ್ಕಾ?"

"ಹೂಂ. ಹೊಸ ಸೀರೆ ಒಗೆದ್ರೆ ಕುಗ್ಗಲ್ವಾ, ಹಾಗೆ."

ಅವಳು ನನ್ನ ಮಡಿಲಿನ ಮೊರದಿಂದ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡಳು.

"ಅಂದ್ರೆ ತಿಮ್ಮ ತೋರ್ಸಿದ ಕಲ್ಲು ಸರ್ಯಾಗೇ ಇತ್ತಾ?"

"ಇತ್ತು ಹನುಮಕ್ಕ."

"ಒಂದಡೀನೂ ಆಚೀಚೆ ಇರ್ಲಿಲ್ವಾ?"

"ಒಂದು ಬೆರಳೂ ಇರ್ಲಿಲ್ಲ."

"ಕೆಂಗೇರಿ ಆಸ್ಪತ್ರೇಲಿ ಮಲಗಿದ್ದಾಗ ಹೇಳಿ ಕಳ್ಸಿದ್ದ. ಅತ್ತಿಗೆಮ್ಮನ್ನ ಒಂದ್ಸಲ ನೋಡ್ಬೇಕು ಅಂತ." ಅವಳ ಕೈ ನಿಂತಿತು. "ನಾನು ವೋಗ್ಲಿಲ್ಲ ಕಣವ್ವ. ಮಣ್ಣಿಗೂ ವೋಗ್ಲಿಲ್ಲ."

ತಿಮ್ಮಯ್ಯ ತೀರಿಕೊಂಡದ್ದು ನನಗೆ ಗೊತ್ತೇ ಇರಲಿಲ್ಲ. ಅವನನ್ನೂ ಹುಡುಕಿಕೊಂಡು ಹೋಗಿ ಹೇಳಬೇಕೆಂದು ಲೆಕ್ಕ ಹಾಕಿಕೊಂಡು ಬಂದಿದ್ದೆ.

"ನನ್ನನ್ನ ಬೈರಿ ಹನುಮಕ್ಕ. ಎರಡೇಟು ಹೊಡೀರಿ ಬೇಕಾದ್ರೆ. ನಾನು ಅದಕ್ಕೇ ಬಂದಿರೋದು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ.

"ನಿನ್ನ ಯಾಕವ್ವ ಬೈಲಿ? ನೀನು ನಂಗೆ ಏನಾಗ್ಬೇಕು? ನಾಕು ವರ್ಸದ ಮಗೀನ ಸೊಂಟದ ಮೇಲೆ ಹೊತ್ಕಂಡು ಸಾಕ್ದೋಳು ನಾನು. ಯಾರೋ ಒಂದು ಕಾಗ್ದ ಓದಿದ್ರು ಅಂತ, ಅವನ ಆಣೆ ಬಿಟ್ಟು ಆ ಕಾಗ್ದ ನಂಬ್ದೆ. ಬೈಸ್ಕಬೇಕಾಗಿರೋಳು ನಾನು ಕಣವ್ವ. ಬೈಯೋನೇ ಇಲ್ವಲ್ಲ."

ನನ್ನ ಮಡಿಲಲ್ಲಿದ್ದ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಮಿಕ್ಕ ಕಾಯಿ ತಾನೇ ಸುಲಿಯುವುದಾಗಿ ಹೇಳಿದಳು.